ಬಾಗಿಲು ಮೇಡಂಗೆ, ಅಚ್ಚಿಗೆ ಹೋಗುವ ಮುಂಚೆ

ಗೌರವ ಇನ್ನೂ ಪೂರ್ತಿ ಹೋಗಿಲ್ಲದ ಮೇಡಂ ಅವರಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. 'ಮಾನ್ಯರೇ' ಎಂದರೆ ಅರ್ಜಿಯಾಗುತ್ತದೆ, ನಾನು ನಿಮ್ಮಿಂದ ಏನನ್ನೂ ಬೇಡುತ್ತಿಲ್ಲ. ಕೊನೆಗೆ ನಿಜ ಏನಿದೆಯೋ ಅದನ್ನೇ ಬರೆದಿದ್ದೇನೆ.

ಪ್ರೆಸ್ಸಿನಲ್ಲಿ ಈಗ ಊಟದ ಬಿಡುವು. ಯಜಮಾನರು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಾರೆ. ನನ್ನ ಕಂಪ್ಯೂಟರಿನ ಪರದೆಯ ಮೇಲೆ ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ 'ಬೇಹುಗಾರ್ತಿ' ಎಂಬ ಪದ. ನಾಳೆ ಬೆಳಿಗ್ಗೆ ಅದು ಮಷೀನಿಗೆ ಏರುತ್ತದೆ, ಮಧ್ಯಾಹ್ನಕ್ಕೆ ನಿಮ್ಮ ಕಾಲೇಜಿನ ಗೋಡೆಗಳ ಮೇಲಿರುತ್ತದೆ. ಮುಂದಿನ ವಾರ ನಿಮ್ಮ ಗುತ್ತಿಗೆ ಮುಂದುವರಿಸುವ ಸಭೆ ಇದೆ ಎಂದು ನಮ್ಮವರಿಗೆ ಗೊತ್ತು. ಗೊತ್ತಿದ್ದೇ ನಾಳೆಯ ದಿನ ಆರಿಸಿದ್ದಾರೆ. ಪುಟ ಜೋಡಿಸಿ ಅಚ್ಚಿಗೆ ಬಿಡಬೇಕಾದವಳು ನಾನು. ಅದಕ್ಕೇ ಈ ಪತ್ರ.

ನಾನು ನಿಮ್ಮ ಸಂಜೆ ಕೋರ್ಸಿಗೆ ಸೇರಿದ್ದು ಕಲಿಯುವ ಆಸೆಯಿಂದಲ್ಲ, ಅನುಮಾನದಿಂದ. ನಾನು ಓದಿದ್ದೆಲ್ಲ ಈ ಪ್ರೆಸ್ಸಿಗೆ ಬರುವ ಕರಪತ್ರಗಳನ್ನೇ. ಕಾರ್ಮಿಕರದ್ದು, ಬಾಡಿಗೆದಾರರದ್ದು, ಹೆಂಗಸರ ಸಂಘದ್ದು, ಎಲ್ಲವನ್ನೂ ಟೈಪು ಮಾಡುತ್ತಾ ಮಾಡುತ್ತಾ ನಂಬಿದವಳು ನಾನು. ಪೊಲೀಸ್ ಇಲಾಖೆಯ ಗುಪ್ತದಳದಲ್ಲಿ ವರ್ಷಗಟ್ಟಲೆ ಇದ್ದು ಬಂದ ಹೆಂಗಸೊಬ್ಬರು ಕಾಲೇಜಿನಲ್ಲಿ ಗುಪ್ತಚರ ಅಧ್ಯಯನ, ಅಪರಾಧ ನ್ಯಾಯ, ಶನಿವಾರಕ್ಕೊಂದು ಆತ್ಮರಕ್ಷಣೆಯ ತರಗತಿ, ಮೂರನ್ನೂ ಒಬ್ಬರೇ ನಡೆಸುತ್ತಾರೆ ಎಂದು ಕೇಳಿದಾಗ ಪೊಲೀಸರ ಅನ್ಯಾಯದ ವಿರುದ್ಧ ಕರಪತ್ರ ಹಂಚುವ ನಮ್ಮ ಗುಂಪಿನ ಹಿರಿಯ ನಕ್ಕಿದ್ದ. ನಾವು ಅವನನ್ನು ಗಡ್ಡಣ್ಣ ಎನ್ನುತ್ತೇವೆ, ಗಡ್ಡ ಬೋಳಿಸಿ ಎಷ್ಟೋ ಕಾಲವಾಗಿದ್ದರೂ. "ಹುಡುಕೋದು, ಶಿಕ್ಷೆ ಕೊಡೋದು, ಹೊಡೆಯೋದು, ಮೂರೂ ಒಂದೇ ಕೈಲಿ. ಅದು ಕಾಲೇಜಲ್ಲ ಕಣೇ, ಸ್ಟೇಷನ್ನು" ಎಂದಿದ್ದ. ಎದುರಾಳಿಯ ಕಸುಬು ಕಲಿತು ಬಾ ಎಂದು ಕಳಿಸಿದವನೂ ಅವನೇ.

ಮೊದಲ ದಿನ ನೀವು ಮೇಜನ್ನು ಓರೆಯಾಗಿ ಎಳೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿರಿ. ಹಿಂದಿನ ಬೆಂಚಿನ ಹುಡುಗಿಯರು ಅವತ್ತೇ ನಿಮಗೆ ಬಾಗಿಲು ಮೇಡಂ ಎಂದು ಹೆಸರಿಟ್ಟರು. ನಾನು ನಗಲಿಲ್ಲ. ಯಾರು ಬರುತ್ತಾರೆಂದು ಪಾಠ ಮಾಡುವವರು ಕಾಯುವುದು ಯಾಕೆ ಎಂದು ಯೋಚಿಸುತ್ತಿದ್ದೆ. ನೀವು ಹಾಜರಿ ಕೂಗುವಾಗ ಕಾಗದ ನೋಡುತ್ತಿರಲಿಲ್ಲ, ನಮ್ಮ ಕೈಗಳನ್ನು ನೋಡುತ್ತಿದ್ದಿರಿ. ನನ್ನ ಬೆರಳಿನ ಶಾಯಿ ಕಂಡು "ಪ್ರೆಸ್ಸಾ?" ಎಂದಿರಿ, ಅಷ್ಟೇ. ಅವತ್ತು ಮನೆಗೆ ಹೋಗಿ ಕೈ ಉಜ್ಜಿ ಉಜ್ಜಿ ತೊಳೆದೆ. ಅಮ್ಮ ಹೊಲಿಗೆ ಮಷೀನು ನಿಲ್ಲಿಸಿ, "ನಿಂಗೆ ಹಾಲಿನವನೂ ಪೊಲೀಸು, ಪೇಪರಿನವನೂ ಪೊಲೀಸು. ಹೆತ್ತವಳ ಮೇಲಾದ್ರೂ ನಂಬಿಕೆ ಇದ್ಯಾ, ಇಲ್ಲ ನಾನೂ ಇಲಾಖೆಯವಳೇನಾ?" ಎಂದಳು.

ಆದರೂ ನಿಮ್ಮ ತರಗತಿ ನನ್ನನ್ನು ಹಿಡಿದುಬಿಟ್ಟಿತು. ಇದನ್ನು ಬರೆಯಲು ಸಿಟ್ಟು ಬರುತ್ತದೆ, ಆದರೆ ನಿಜ. ಮಫ್ತಿಯಲ್ಲಿರುವ ಪೊಲೀಸನ ಅಂಗಿ ನೋಡಬೇಡಿ, ಬೂಟು ನೋಡಿ ಎಂದಿರಿ. ಕೈ ಹಿಡಿದವನ ಹಿಡಿತ ಹೆಬ್ಬೆರಳಿನ ಕಡೆ ಸಡಿಲ, ಅಲ್ಲಿಂದಲೇ ಬಿಡಿಸಿಕೊಳ್ಳಿ ಎಂದು ಜಿಮ್ಮಿನ ಚಾಪೆಯ ಮೇಲೆ ನಮ್ಮನ್ನು ಮತ್ತೆ ಮತ್ತೆ ಬೀಳಿಸಿದಿರಿ. ಸೋಮವಾರ ಎಲ್ಲರನ್ನೂ ಅನುಮಾನಿಸುವುದು ಹೇಗೆಂದು ಕಲಿಸಿ, ಬುಧವಾರ ಅನುಮಾನದ ಲಾಭ ಆರೋಪಿಗೆ ಯಾಕೆ ಸಿಗಬೇಕು ಎಂದು ಕಲಿಸಿದಿರಿ. ಎರಡೂ ಒಂದೇ ತಲೆಯಲ್ಲಿ ಹೇಗೆ ಇರುತ್ತವೆ ಎಂದು ಕೇಳಿದ್ದೆ. "ಜಗಳ ಆಡ್ಕೊಂಡು ಇರ್ತವೆ. ಜಗಳ ನಿಂತ ದಿನ ನೀನು ಒಂದೋ ಪೊಲೀಸು, ಇಲ್ಲ ಪೆದ್ದಿ" ಎಂದಿರಿ. ಇಡೀ ತರಗತಿ ನಕ್ಕಿತು.

ಆಮೇಲೆ ನಮ್ಮ ಕರಪತ್ರಗಳನ್ನು ನಾನೇ ನಿಮ್ಮ ಹತ್ತಿರ ತರತೊಡಗಿದೆ. ಕಾನೂನಿಗೆ ಸಿಕ್ಕಿಬೀಳದಂತೆ ನೋಡಿಕೊಡಿ ಎಂದೆ. ನೀವು ಸ್ಟಾಫ್ ರೂಮಿನಲ್ಲಿ ಪೆನ್ಸಿಲ್ ಹಿಡಿದು ನಮ್ಮ ರಾಕ್ಷಸ, ರಕ್ತಪಿಪಾಸು ಇತ್ಯಾದಿಗಳನ್ನೆಲ್ಲ ನಿರ್ದಯವಾಗಿ ಹೊಡೆದುಹಾಕುತ್ತಿದ್ದಿರಿ. ಕೊನೆಗೆ ಉಳಿಯುತ್ತಿದ್ದದ್ದು ಯಾರು, ಎಲ್ಲಿ, ಏನು ಮಾಡಿದರು ಎಂಬುದು ಮಾತ್ರ. ಅದು ಓದಲು ಇನ್ನೂ ಭಯಂಕರವಾಗಿರುತ್ತಿತ್ತು.

ಮೆಕ್ಯಾನಿಕ್ಕನ ವಿಷಯ ನಿಮಗೆ ಗೊತ್ತು. ಗ್ಯಾರೇಜಿನ ಬಿಡಿಭಾಗ ಕದ್ದನೆಂದು ಪೊಲೀಸರು ಹಿಡಿದುಕೊಂಡು ಹೋಗಿ, ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಇಟ್ಟುಕೊಂಡು, ಒಂದು ಕಿವಿ ಕೇಳದಂತೆ ಮಾಡಿ ಬಿಟ್ಟರು. ಕಳವಾದ ಮಾಲು ಗೋಡೌನಿನಲ್ಲೇ ಸಿಕ್ಕಿತು. ಅವನ ಹೆಂಡತಿ ವಕೀಲರ ಮುಂದೆ ಹೇಳಿಕೆ ಕೊಡಲು ಒಪ್ಪಿದ್ದಳು. ಮೊದಲ ಸಲ ಸೇರಿದಾಗ ಬಾಗಿಲಲ್ಲಿ ಜೀಪು. ಜಾಗ ಬದಲಿಸಿದೆವು, ಮತ್ತೆ ಜೀಪು. ಆಕೆ ಹೆದರಿ ತವರಿಗೆ ಹೋಗಿಬಿಟ್ಟಳು. ಆಕೆಯನ್ನೂ ವಕೀಲರನ್ನೂ ಬಿಟ್ಟರೆ ಜಾಗ ಗೊತ್ತಿದ್ದದ್ದು ಗಡ್ಡಣ್ಣನಿಗೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಕಂಪೌಂಡರಿಗೆ, ನನಗೆ, ನಿಮಗೆ.

ಆಗ ನೀವೇ ಕಲಿಸಿದ ಉಪಾಯ ಹೂಡಿದೆ. ಸುದ್ದಿ ಸೋರುತ್ತಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸುಳ್ಳು ಹೇಳು, ಯಾವ ಸುಳ್ಳು ಹೊರಗೆ ಬರುತ್ತದೋ ಅವರೇ ತೂತು ಎಂದು ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದ್ದಿರಿ. ಆಕೆ ಮತ್ತೆ ಒಪ್ಪಿದ್ದಾಳೆ, ಗುರುವಾರ ಸಂಜೆ ಸೇರುತ್ತೇವೆ ಎಂದು ಎಲ್ಲರಿಗೂ ಹೇಳಿದೆ. ಗಡ್ಡಣ್ಣನಿಗೆ ವಾಚನಾಲಯದ ಹಿಂದಿನ ಕೋಣೆ ಎಂದೆ. ಕಂಪೌಂಡರಿಗೆ ಪಾರ್ಕಿನ ಶೆಡ್ಡು ಎಂದೆ. ನಿಮಗೆ ಸೈಕಲ್ ಅಂಗಡಿಯ ಮೇಲಿನ ಹಾಲ್. ಗುರುವಾರ ಸಂಜೆ ಎದುರಿನ ಬೇಕರಿಯಲ್ಲಿ ನಿಂತು, ಮೈಯೆಲ್ಲ ಕಣ್ಣಾಗಿ, ಉಳಿದೆರಡನ್ನು ಬಿಟ್ಟು ನಿಮ್ಮ ಜಾಗವನ್ನೇ ಕಾದೆ. ಯಾರೂ ಬರದಿರಲಿ ಎಂದು ಎಷ್ಟು ಆಸೆಪಟ್ಟೆನೋ ನಿಮಗೆ ಗೊತ್ತಾಗುವುದು ಬೇಡ. ಬಣ್ಣದ ಅಂಗಿ ತೊಟ್ಟ ಇಬ್ಬರು ಬಂದು ಸೈಕಲ್ ಪಂಪು ಕೊಳ್ಳುವವರಂತೆ ಚೌಕಾಸಿಗೆ ನಿಂತರು. ನಾನು ಬೂಟು ನೋಡಿದೆ.

ಶನಿವಾರ ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತಾ ನೇರವಾಗಿ ಕೇಳಿದೆ. ನೀವು ಚಾಪೆಯ ಇನ್ನೊಂದು ತುದಿ ಬಿಡಲಿಲ್ಲ. "ಪ್ರಶ್ನೆಪತ್ರಿಕೆ ಚೆನ್ನಾಗಿ ತೆಗೆದಿದೀಯ. ತಿದ್ದೋಕೆ ಇನ್ನೂ ಬರಲ್ಲ ನಿಂಗೆ" ಎಂದಿರಿ. ಆ ಜಾಗ ಇಲಾಖೆಗೆ ಹೇಳಿದ್ದು ನೀವೇ ಅಂತೆ, ಸುಳ್ಳೆಂದು ಗೊತ್ತಿದ್ದೇ ಹೇಳಿದಿರಂತೆ. ಕೇಳದಿದ್ದರೂ ನಾನು ಎರಡು ಸಲ ಜಾಗದ ಹೆಸರು ಹೇಳಿದ್ದೆನಂತೆ. ಅದು ಪರೀಕ್ಷೆ ಎಂದು ಅಲ್ಲೇ ಗೊತ್ತಾಯಿತಂತೆ. ಹಳೆಯ ಇಲಾಖೆಯವನೊಬ್ಬ ಆಗಾಗ ಫೋನು ಮಾಡಿ ನಮ್ಮ ಬಗ್ಗೆ ವಿಚಾರಿಸುತ್ತಾನಂತೆ. ಏನೂ ಇಲ್ಲ ಎಂದರೆ ನಿಮ್ಮನ್ನು ಬಿಟ್ಟು ನಮ್ಮ ಬೆನ್ನಿಗೆ ಇನ್ನೊಬ್ಬನನ್ನು ಹಚ್ಚುತ್ತಾರೆ, ಅದಕ್ಕೆ ನಾನು ಕೊಟ್ಟ ಪೊಳ್ಳು ಸುದ್ದಿಯನ್ನೇ ಅವನಿಗೆ ದಾಟಿಸಿದಿರಂತೆ.

ಹಿಂದಿನ ಎರಡು ಸಲ ಯಾರು ಎಂದು ಕೇಳಿದೆ.

"ಅದು ನಾನಲ್ಲ. ಯಾರು ಅಂತ ನನಗೊಂದು ಊಹೆ ಇದೆ, ಹೇಳಲ್ಲ."

"ಯಾಕೆ ಹೇಳಲ್ಲ?"

"ಊಹೆ ನಿಮ್ಮ ಕೈಗೆ ಸಿಕ್ಕಿದ್ರೆ ನೀವು ಅದನ್ನ ಅಚ್ಚು ಹಾಕಿಸ್ತೀರ."

ಇಷ್ಟು ಹೇಳಿ ನೀವು ಜಿಮ್ಮಿನ ದೀಪ ಆರಿಸಿದಿರಿ.

ನಂಬಲೇ, ಮೇಡಂ? ಸಣ್ಣ ತಪ್ಪನ್ನು ತಾನಾಗಿ ಒಪ್ಪಿಕೊಂಡವನನ್ನು ದೊಡ್ಡ ತಪ್ಪಿನ ಬಗ್ಗೆ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ, ಪಳಗಿದವರು ಹಾಗೇ ಪಾರಾಗುತ್ತಾರೆ ಎಂದು ಕಲಿಸಿದ್ದು ಯಾರು? ನೀವು ಶನಿವಾರ ಮಾಡಿದ್ದು ಅಕ್ಷರಶಃ ಅದೇ. ನೀವು ನಿಜ ಹೇಳಿದ್ದರೂ ಹಾಗೇ ಹೇಳುತ್ತಿದ್ದಿರಿ, ಸುಳ್ಳು ಹೇಳಿದ್ದರೂ ಹಾಗೇ ಹೇಳುತ್ತಿದ್ದಿರಿ. ನಿಮ್ಮ ವಿದ್ಯೆಯ ಗತಿ ಇದು. ಅದನ್ನು ಕಲಿಸುವವರು ಬಾಯಿ ಬಿಟ್ಟರೆ ಕಲಿತವರು ನಂಬುವುದಿಲ್ಲ. ಇಲಾಖೆ ಬಿಟ್ಟವರು ಇಲಾಖೆಯ ಫೋನು ಯಾಕೆ ಎತ್ತಬೇಕು? ನಮ್ಮನ್ನು ಕಾಯುತ್ತಿದ್ದರೆ ನಮಗೆ ಮೊದಲೇ ಯಾಕೆ ಹೇಳಲಿಲ್ಲ? ಕಾಯುವವರು ಹೇಳಿ ಕಾಯಬೇಕು. ಹೇಳದೆ ಕಾಯುವುದಕ್ಕೂ ಹೇಳದೆ ನೋಡುತ್ತಿರುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

ಭಾನುವಾರ ಗುಂಪಿನಲ್ಲಿ ಎಲ್ಲವನ್ನೂ ಹೇಳಿದೆ. ಗಡ್ಡಣ್ಣ ಅಲ್ಲೇ ಕೂತು ನಿಮ್ಮ ಮೇಲಿನ ಬರಹ ಬರೆದ. ನೀವು ಹೊಡೆದುಹಾಕಿದ ಪದಗಳೆಲ್ಲ ವಾಪಸು ಬಂದಿವೆ. ಒಮ್ಮೆ ಕರೆದು ಕೇಳೋಣ ಎಂದೆ. "ನಾಯೀನ ಕರೆದು ಕಚ್ಚಿದ್ಯಾ ಅಂತ ಕೇಳ್ತಾರೇನೇ?" ಎಂದ. ಕಂಪೌಂಡರು ಜೋರಾಗಿ ನಕ್ಕ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ನಕ್ಕ. ಈಗ ನನಗೆ ಆ ನಗುವಿನ ಮೇಲೂ ಅನುಮಾನ. ನೋಡಿ, ನೀವು ನನಗೆ ಮಾಡಿದ ಉಪಕಾರ.

ಕರಪತ್ರದ ಮುಂಭಾಗ ಮೆಕ್ಯಾನಿಕ್ಕನದು. ವಿಚಾರಣೆಯಿಲ್ಲದೆ ಯಾರನ್ನೂ ಅಪರಾಧಿ ಎನ್ನಬೇಡಿ, ಅವನ ಮಾತನ್ನೂ ಕೇಳಿ ಎಂದು ನಾನೇ ಬರೆದದ್ದು. ಹಿಂಭಾಗ ನಿಮ್ಮದು. ಬೆಳಿಗ್ಗೆ ಯಜಮಾನರು ಪ್ರೂಫನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಪೇಪರು ತೆಳು ಕಣಮ್ಮ. ಹಿಂದಿಂದು ಮುಂದೆ ಕಾಣತ್ತೆ. ದಪ್ಪದ್ದು ಹಾಕ್ಲಾ?" ಎಂದು ಕೇಳಿದರು. ಅವರಿಗೆ ಅದು ಕಾಗದದ ಮಾತು. ನಾನು ಪ್ರೂಫ್ ಇಸಿದುಕೊಂಡು ನೋಡಿದೆ. 'ಅವನ ಮಾತನ್ನೂ ಕೇಳಿ' ಎಂಬ ಸಾಲಿನ ಅಡಿಯಲ್ಲಿ ನಿಮ್ಮ ಹೆಸರು ತಿರುಗುಮುರುಗಾಗಿ ತೇಲುತ್ತಿತ್ತು.

ದಪ್ಪ ಕಾಗದ ಹಾಕಿದರೆ ಕಾಣುವುದಿಲ್ಲ. ಇಲಾಖೆಯವರು ಮಾಡುವುದೂ ಅದನ್ನೇ ಅಲ್ಲವೇ? ಅವರ ಗೋಡೆ ದಪ್ಪ, ಒಳಗಿನದು ಹೊರಗೆ ಕಾಣುವುದಿಲ್ಲ. ನಾವು ಅವರ ವಿರುದ್ಧ ಬೀದಿಗೆ ಇಳಿದದ್ದು ಅವರ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿ ತೋರಿಸುವುದಕ್ಕಲ್ಲ.

ಆದ್ದರಿಂದ ಹಿಂಭಾಗದ ಪುಟವನ್ನು ನಾನು ಅಚ್ಚಿಗೆ ಬಿಡುವುದಿಲ್ಲ. ಸಂಜೆ ಗಡ್ಡಣ್ಣನಿಗೆ ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ. ಅವನು ನನ್ನನ್ನೂ ನಿಮ್ಮ ಕಡೆಯವಳು ಎನ್ನಬಹುದು, ಬೇರೆ ಪ್ರೆಸ್ಸು ಹುಡುಕಿಕೊಂಡು ಹೋಗಲೂಬಹುದು. ಹೋದರೆ ಅದನ್ನು ತಡೆಯುವ ಶಕ್ತಿ ನನಗಿಲ್ಲ. ಆದರೆ ನನ್ನ ಕೈಯಿಂದ ಆಗುವುದಿಲ್ಲ.

ಇದನ್ನು ಕ್ಷಮೆ ಎಂದು ಓದಬೇಡಿ. ನಿಮ್ಮ ಮೇಲೆ ನನಗಿರುವ ಅನುಮಾನ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಮೆಕ್ಯಾನಿಕ್ಕನ ಹೆಂಡತಿ ಈಗ ಎಲ್ಲಿದ್ದಾಳೆ, ಯಾವಾಗ ಹೇಳಿಕೆ ಕೊಡುತ್ತಾಳೆ ಎಂಬುದು ಇನ್ನು ನಿಮಗೆ ತಿಳಿಯುವುದಿಲ್ಲ. ಗಡ್ಡಣ್ಣನಿಗೂ ಕಂಪೌಂಡರಿಗೂ ತಿಳಿಯುವುದಿಲ್ಲ. ನಾನು, ವಕೀಲರು, ಆಕೆ, ಅಷ್ಟೇ.

ಬರುವ ಭಾನುವಾರ ನಾವು ಸೇರುವಾಗ ನೀವು ಬನ್ನಿ. ಎಲ್ಲರೆದುರು ಕೂತು ಆ ಫೋನಿನ ವಿಷಯ ಹೇಳಿ. ಹಿಂದಿನ ಎರಡು ಸಲದ ಬಗ್ಗೆ ಪ್ರಶ್ನೆ ಕೇಳುವವಳು ನಾನೇ. ನಯವಾಗಿ ಕೇಳುವುದಿಲ್ಲ. ನೀವು ಹೇಳಿದ್ದನ್ನು ಅರ್ಧಕ್ಕೆ ತುಂಡರಿಸಲು ಯಾರಿಗೂ ಬಿಡುವುದಿಲ್ಲ, ಇಷ್ಟಕ್ಕೆ ನಾನು ಹೊಣೆ. ಬರದಿದ್ದರೆ ಅದನ್ನೇ ಉತ್ತರ ಎಂದು ತಿಳಿಯುವುದೂ ಇಲ್ಲ. ಮೌನವಾಗಿರುವುದು ಆರೋಪಿಯ ಹಕ್ಕು ಎಂದು ಬುಧವಾರದ ಪಾಠದಲ್ಲಿದೆ. ಆದರೆ ಬರದಿದ್ದರೆ ನಾನು ಮತ್ತೆ ನಿಮ್ಮ ತರಗತಿಗೆ ಕಾಲಿಡುವುದಿಲ್ಲ. ಅದರಿಂದ ನಷ್ಟ ಯಾರಿಗೆ ಎಂದು ನನಗೆ ಚೆನ್ನಾಗಿ ಗೊತ್ತು.

ಯಜಮಾನರು ಎದ್ದರು, ನಾಳೆ ಮುಂಭಾಗವೊಂದನ್ನೇ ಮಷೀನಿಗೆ ಹಾಕಲು ಹೇಳುತ್ತಿದ್ದೇನೆ. ಹಿಂಭಾಗ ಖಾಲಿ ಇರುತ್ತದೆ.

ನಿಮ್ಮ ಕೆಲಸ ಉಳಿಯಲಿ. ನೀವು ಹೇಳಿದ್ದು ನಿಜವಾಗಿರಲಿ. ಅಲ್ಲವಾದರೆ, ಅದನ್ನು ಪತ್ತೆ ಹಚ್ಚುವವಳು ನಿಮ್ಮ ಕೈಯಲ್ಲಿ ಕಲಿತವಳೇ ಆಗಿರಲಿ.

ಇನ್ನೂ ನಂಬದ,
ಆದರೂ ನಿಮ್ಮ ಮಾತು ಕೇಳಲು ಕಾಯುವ,
ನಿಮ್ಮ ವಿದ್ಯಾರ್ಥಿನಿ