ಕಮಲಾವತಿಯವರ ನಗು ವಾಪಸು ಕೊಡಿ

ಕುಂಬ್ರ, ಬುಧವಾರ

ನಿರ್ದೇಶಕ ರೂಪೇಶರೇ,

ತುಳು ನಾಟಕದ ಹಾಸ್ಯನಟ ಮಾಯಿಲಪ್ಪನವರ ಬಗ್ಗೆ ನೀವು ಮಾಡಿದ ಸಾಕ್ಷ್ಯಚಿತ್ರವನ್ನು ಅವರ ಹೆಂಡತಿ ಕಮಲಾವತಿಯವರ ಜೊತೆ ಕುಳಿತು ನೋಡಿದೆ. ಇಡೀ ಚಿತ್ರದಲ್ಲಿ ಒಂದು ನಗೆಯಿಲ್ಲ. ಬಾಟಲಿ, ಆಸ್ಪತ್ರೆ, ಹಿನ್ನೆಲೆಗೆ ಕೊಳಲು. ನಗಿಸುವವನ ಒಳಗೆ ಅಳುವೇ ಇರುತ್ತದೆ ಎಂಬ ಹಳಸಲು ಮಾತನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿ ಬೇಸತ್ತಿದ್ದೇನೆ. ನೀವದನ್ನು ಈಗ ಕಂಡುಹಿಡಿದವರಂತೆ ಹೇಳುತ್ತೀರಿ.

ಮಾಯಿಲಪ್ಪನವರು ಕುಡಿಯುತ್ತಿದ್ದರು, ಕುಡಿದೇ ಸತ್ತರು. ಅದನ್ನು ಮುಚ್ಚಿಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಕಮಲಾವತಿಯವರು ಕಣ್ಣೊರೆಸಿಕೊಳ್ಳುವ ಆ ದೃಶ್ಯ? ಅಂದು ನಾನು ಅಲ್ಲೇ ಇದ್ದೆ. ನಿಮ್ಮ ತಂಡದ ಊಟಕ್ಕೆಂದು ಅವರು ಒಣಮೆಣಸು ಹುರಿಯುತ್ತಿದ್ದರು, ಘಾಟಿಗೆ ಕಣ್ಣಲ್ಲಿ ನೀರು ಬಂತು. ನೀವು ಕೋಳಿಸಾರನ್ನೂ ಉಂಡಿರಿ, ಕಣ್ಣೀರನ್ನೂ ಕೊಂಡುಹೋದಿರಿ.

ಅವರು ನಿಜವಾಗಿ ನಕ್ಕಿದ್ದರು. ಇನ್ನೂ ಕುಡಿದರೆ ಆರೇ ತಿಂಗಳು ಎಂದ ವೈದ್ಯರಿಗೆ ಗಂಡ ಕೊಟ್ಟ ಉತ್ತರವನ್ನು ನಿಮಗೆ ಹೇಳುತ್ತ ನಕ್ಕಿದ್ದರು: "ಏಳು ತಿಂಗಳಿಗೆ ನಾಟಕ ಬುಕ್ ಆಗಿ ಉಂಟು ಡಾಕ್ಟ್ರೆ, ಒಂದು ತಿಂಗಳು ಅಡ್ಜಸ್ಟ್ ಮಾಡಿ ಮಾರಾಯ್ರೆ."

"ಅಕ್ಕ, ನಗದೆ ಇನ್ನೊಮ್ಮೆ ಹೇಳಿ" ಎಂದಿರಿ ನೀವು. ಅವರು ಮತ್ತೂ ನಕ್ಕರು. ನೀವು ಕತ್ತರಿಸಿದಿರಿ.

ದರ್ಬೆಯಲ್ಲಿ ನೀವು ಇಟ್ಟುಕೊಂಡಿರುವ ಪ್ರದರ್ಶನಕ್ಕೆ ಮೊದಲು ಮೆಣಸಿನ ಕಣ್ಣೀರು ತೆಗೆದು ಆ ನಗು ಹಾಕಿ. ಇಲ್ಲದಿದ್ದರೆ ಕಮಲಾವತಿಯವರು ಬರುವುದಿಲ್ಲ. ಅಲ್ಲಿ ಅವರಿಗೆಂದು ಇಟ್ಟ ಸನ್ಮಾನದ ಶಾಲನ್ನು ಬೇರೆ ಯಾರಿಗಾದರೂ ಹೊದಿಸಿ.

ನಿಮ್ಮ ಚಿತ್ರ ಮುಗಿದ ಮೇಲೆ ಅವರು ನನ್ನನ್ನು ಕೇಳಿದ್ದು ಇಷ್ಟೇ: "ಮಾಷ್ಟ್ರೆ, ಇದು ಯಾರ ಗಂಡ?"

ಉದಯಶಂಕರ
ನಿವೃತ್ತ ಅಧ್ಯಾಪಕ, ಕಮಲಾವತಿಯವರ ನೆರೆಮನೆ