ಶಾರದಾ ಮೇಡಂ ಇಲ್ಲದ ಕ್ಲಾಸು

ಆರ್.ಕೆ.ಪುರಂ, ಹೊಸದಿಲ್ಲಿ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಶಾರದಾ,

ಉಷಕ್ಕನವರು ಹೇಗಿದ್ದಾರೆ? ವಾಕರ್ ಹಿಡಿದುಕೊಂಡು ಹಜಾರದವರೆಗೆ ಬಂದರು ಎಂದು ಮೊನ್ನೆ ನೀನು ಹೇಳಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಈ ವಯಸ್ಸಿನಲ್ಲಿ ಸೊಂಟದ ಮೂಳೆಯ ಆಪರೇಷನ್ ಸಣ್ಣ ವಿಷಯವಲ್ಲ, ಅವಸರ ಬೇಡ ಎಂದು ನನ್ನ ಪರವಾಗಿ ಹೇಳು. ನಿನ್ನ ಮಂಡಿ ಹೇಗಿದೆ? ಅಕ್ಕನನ್ನು ಎತ್ತಿ ಕೂರಿಸುವ ಭರದಲ್ಲಿ ನಿನ್ನ ಕಾಲನ್ನು ಕೆಡಿಸಿಕೊಳ್ಳಬೇಡ. ದಾವಣಗೆರೆಯಲ್ಲಿ ಆಗಲೇ ಬಿಸಿಲು ಶುರುವಾಗಿರಬೇಕು. ಇಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ಲಾವಣ್ಯಾ ಚೆನ್ನಾಗಿದ್ದಾಳೆ. ಸಂಸತ್ತಿನ ಅಧಿವೇಶನ ಬಂತೆಂದರೆ ಮಿನಿಸ್ಟ್ರಿಯಲ್ಲಿ ಅವಳಿಗೆ ಹೊತ್ತುಗೊತ್ತು ಇರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಆದ್ದರಿಂದ ಅಡುಗೆಯೆಲ್ಲ ನನ್ನದೇ. ಅನ್ನ ಪರವಾಗಿಲ್ಲ, ಹುಳಿಯ ವಿಷಯ ಕೇಳಬೇಡ.

ದಿನಾ ಫೋನ್ ಮಾಡುವವನಿಗೆ ಪತ್ರ ಯಾಕೆ ಎಂದು ನಗುತ್ತೀಯ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಸುತ್ತಲೂ ನಿಮ್ಮ ಕಡೆಯವರೆಲ್ಲ ಕೂತಿರುತ್ತಾರೆ, ಮಾತೆಲ್ಲ ಮಾತ್ರೆ, ಫಿಸಿಯೋಥೆರಪಿಯಲ್ಲೇ ಮುಗಿದುಹೋಗುತ್ತದೆ. ನಿನ್ನ ಕ್ಲಾಸಿನ ಸಮಾಚಾರ ಕೇಳಿದಾಗಲೆಲ್ಲ ನಾನು “ನಡೆಯುತ್ತಿದೆ” ಎಂದಷ್ಟೇ ಹೇಳಿ ಮುಗಿಸಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜೀವಮಾನವಿಡೀ ಸರ್ಕಾರಿ ಫೈಲಿನಲ್ಲಿ ಟಿಪ್ಪಣಿ ಬರೆದವನಿಗೆ ಬಾಯಿಗಿಂತ ಪೆನ್ನಿನಲ್ಲಿ ಮಾತು ಸಲೀಸು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಕ್ಕ ಮಲಗಿದಾಗ ಓದು.

ನೀನು ರೈಲು ಹತ್ತುವಾಗ “ಏನೇ ಆದರೂ ಕ್ಲಾಸ್ ನಿಲ್ಲಿಸಬೇಡಿ” ಎಂದೆಯಲ್ಲ, ಅದೇನು ಮಹಾ ಎಂದುಕೊಂಡೆ. ಊರು ಬಿಟ್ಟು ಬಂದ ನಮ್ಮ ಕಡೆಯ ನಾಲ್ಕಾರು ಜನಕ್ಕೆ ಲ್ಯಾಪ್‌ಟಾಪಿನ ಮುಂದೆ ಕೂತು ಇಂಗ್ಲಿಷ್ ಮಾತು ಕಲಿಸುವುದು. ನಾನಾದರೋ ಇಂಗ್ಲಿಷಿನಲ್ಲೇ ಡ್ರಾಫ್ಟ್ ಬರೆದು ಪಿಂಚಣಿ ತೆಗೆದುಕೊಳ್ಳುತ್ತಿರುವವನು. ಮೊದಲ ದಿನವೇ ಕಾಲಗಳ ಬಗ್ಗೆ ಒಂದು ಪಾಠ ಸಿದ್ಧಮಾಡಿಕೊಂಡು, ಕನ್ನಡಕ ಒರೆಸಿಕೊಂಡು ಕೂತೆ. ನಿಯಮ ಓದಿದೆ, ಉದಾಹರಣೆ ಕೊಟ್ಟೆ, ಅರ್ಥವಾಯಿತೇ ಎಂದೆ. “ಯೆಸ್ ಸರ್” ಎಂದರು. ಒಬ್ಬೊಬ್ಬರಾಗಿ ಕ್ಯಾಮೆರಾ ಮುಚ್ಚಿಕೊಂಡರು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. ಕಡೆಗೆ ಕಪ್ಪು ಚೌಕಗಳ ಮುಂದೆ ನಾನೊಬ್ಬನೇ ಮಾತಾಡುತ್ತಿದ್ದೆ. ಅಂದು ಬೇಗ ಬಂದಿದ್ದ ಲಾವಣ್ಯಾ ಪಕ್ಕದ ರೂಮಿನಿಂದ ಕೇಳಿಸಿಕೊಂಡಿರಬೇಕು, ಊಟಕ್ಕೆ ಕೂತಾಗ “ಅಪ್ಪಾ, ನೀವು ಪಾಠ ಮಾಡ್ತಿಲ್ಲ, ಸರ್ಕ್ಯುಲರ್ ಓದ್ತಿದ್ದೀರಿ” ಎಂದಳು. ನನಗೆ ಸಿಟ್ಟು ಬಂತು.

ಮುಂದಿನ ಕ್ಲಾಸಿನಲ್ಲಿ ಪುಸ್ತಕ ತೆಗೆಯುವ ಮೊದಲು, ಮೇಡಂ ಹೇಗೆ ಶುರು ಮಾಡುತ್ತಿದ್ದರು ಎಂದು ನಾನೇ ಕೇಳಿದೆ. ಮಾಚಮ್ಮ, ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿರುವ ನಿನ್ನ ಕೊಡಗಿನ ಮಾಚಮ್ಮ, “ಇವತ್ತು ಏನು ಅಡುಗೆ ಅಂತ ಕೇಳ್ತಾರೆ ಸರ್” ಎಂದಳು. ಇದನ್ನೂ ಪಾಠ ಎನ್ನುತ್ತಾರೆಯೇ ಎನಿಸಿತು. ಆದರೂ ಕೇಳಿದೆ. “ಮೊದಲು ನೀವು ಹೇಳಬೇಕು ಸರ್, ಮೇಡಂ ಹಾಗೇ ಮಾಡೋದು” ಎಂದಳು. ಹುಳಿ ತಳ ಹಿಡಿದದ್ದನ್ನೂ, ಪಾತ್ರೆಯನ್ನು ಲಾವಣ್ಯಾ ಬರುವುದರೊಳಗೆ ಬಾಲ್ಕನಿಯಲ್ಲಿ ನೆನೆಹಾಕಿ ಬಚ್ಚಿಟ್ಟದ್ದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಯಾರೋ ನಕ್ಕರು. ಹೌಜ್ ಖಾಸಿನ ಇಂಜಿನಿಯರಿಂಗ್ ಸಂಸ್ಥೆಯ ಲ್ಯಾಬಿನಲ್ಲಿರುವ ಮಹಂತೇಶ್ ಕ್ಯಾಮೆರಾ ತೆರೆದು, ತನ್ನ ಮೆಸ್ಸಿನ ಟಿಂಡೆ ಎಂಬ ಸಪ್ಪೆ ತರಕಾರಿಯ ಪಲ್ಯದ ಕಷ್ಟವನ್ನು ತಪ್ಪು ಇಂಗ್ಲಿಷಿನಲ್ಲಿ, ಆದರೆ ಒಂದೇ ಉಸಿರಿನಲ್ಲಿ ಹೇಳಿದ. ಹಿಂದಿನ ಕ್ಲಾಸಿನಲ್ಲಿ ಇದೇ ಹುಡುಗನಿಂದ ಒಂದು ಪೂರ್ತಿ ವಾಕ್ಯ ಹೊರಡಿಸಲು ನನ್ನಿಂದ ಆಗಿರಲಿಲ್ಲ. ಅಂದಿನಿಂದ ಅಡುಗೆಯಿಂದಲೇ ಶುರು ಮಾಡುತ್ತಿದ್ದೇನೆ. ಮಾಚಮ್ಮನ ಗಂಡ ಗಡಿಯಲ್ಲಿರುವುದು, ಮಗುವಿನ ಶಾಲೆಯಲ್ಲಿ ಟೀಚರ್ ಕರೆದಾಗಲೆಲ್ಲ ಅವಳ ಎದೆ ಹೊಡೆದುಕೊಳ್ಳುವುದು, ಮಹಂತೇಶನ ತಂಗಿಗೆ ನರ್ಸಿಂಗ್ ಸೀಟು ಸಿಕ್ಕಿದ್ದು, ಇವೆಲ್ಲ ನಿನಗೆ ಹಳೆಯ ಸುದ್ದಿ. ನನಗೆ ಒಂದೊಂದೂ ಹೊಸದು.

ಉಳಿದವಳು ಸುಶೀಲಾ. ಗದಗದ ಕಡೆಯ ಹುಡುಗಿ, ಐಟಿಐ ಮುಗಿಸಿ ಮಾನೇಸರಿನಲ್ಲಿ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಗೆ ಸೇರಿದವಳು ಎಂದು ನೀನು ಹೇಳಿದ್ದೆ. ಅಲ್ಲೇ ಲೈನ್ ಲೀಡರ್, ಎಂದರೆ ಒಂದು ಸಾಲಿನ ಕೆಲಸಗಾರರ ಮೇಲ್ವಿಚಾರಕಿಯ, ಕೆಲಸದ ಸಂದರ್ಶನಕ್ಕೆ ಅವಳನ್ನು ತಯಾರು ಮಾಡಬೇಕು ಎಂದೂ ಹೇಳಿದ್ದೆ. ಅವಳೊಬ್ಬಳು ಮಾತ್ರ ಕ್ಯಾಮೆರಾ ತೆರೆಯಲಿಲ್ಲ. ದನಿಯೂ ಪಿಸುಮಾತು. ಸಂಕೋಚದ ಹುಡುಗಿ, ಬೆನ್ನು ತಟ್ಟಬೇಕು ಎಂದುಕೊಂಡು ಪ್ರತಿ ಸಲವೂ “ಲೌಡರ್ ಪ್ಲೀಸ್, ಇನ್ನೂ ಜೋರಾಗಿ” ಎನ್ನುತ್ತಿದ್ದೆ. ಅವಳು ಇನ್ನಷ್ಟು ತಗ್ಗುತ್ತಿದ್ದಳು.

ಎರಡು ವಾರದ ಹಿಂದೆ ಫ್ಯಾಕ್ಟರಿಯಲ್ಲಿ ಮೊದಲ ಸುತ್ತಿನ ಸಂದರ್ಶನ ನಡೆಯಿತು. ನಿನ್ನ ಬಗ್ಗೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. “ಐ ಆ್ಯಮ್ ಸುಶೀಲಾ” ಎಂದು ಹೇಳಿ ನಿಂತುಬಿಟ್ಟಳಂತೆ. ಸರದಿಗಾಗಿ ಅಲ್ಲೇ ಕೂತಿದ್ದ ಯಾರೋ ನಕ್ಕರಂತೆ. ಬರವಣಿಗೆಯ ಪರೀಕ್ಷೆಯಲ್ಲಿ ಅಂಕ ಚೆನ್ನಾಗಿದ್ದುದರಿಂದ ಎರಡನೆಯ ಸುತ್ತಿಗೆ ಕರೆದಿದ್ದರೂ, ಇವಳು ಹೋಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಳು. ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಕ್ಲಾಸು ತಪ್ಪಿಸಿದಳು, ಫೋನ್ ಮಾಡಿದರೆ ಎತ್ತಲಿಲ್ಲ, ಕೊನೆಗೆ ತನ್ನ ಹೆಸರು ತೆಗೆದುಬಿಡಿ ಎಂದು ಒಂದು ಸಾಲಿನ ಮೆಸೇಜು ಕಳಿಸಿದಳು. ವಿಷಯವನ್ನೆಲ್ಲ ಹೇಳಿದ್ದು ಮಾಚಮ್ಮ. ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾದವರಲ್ಲ, ಆದರೂ ಮಾಚಮ್ಮ ಅವಳಿಗೆ ಅಕ್ಕನಂತೆ. ನಿನಗೆ ಫೋನ್ ಮಾಡೋಣ ಎಂದರೆ ಅಂದೇ ಉಷಕ್ಕನವರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಶಾರದಾ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸುತ್ತಾ ಕೂತೆ. ನೀನು ಹೋಗಿಬಿಡುತ್ತಿದ್ದೆ. ಅಷ್ಟು ಮಾತ್ರ ಖಾತ್ರಿಯಿತ್ತು.

ಹೀಗೆ ಕಳೆದ ಭಾನುವಾರ ಮಾನೇಸರಿಗೆ ಹೊರಟೆ. ಒಬ್ಬಂಟಿ ಹುಡುಗಿಯ ರೂಮಿಗೆ ನಾನೊಬ್ಬನೇ ಹೋಗುವುದು ಸರಿಯಲ್ಲ ಎಂದು ಮಾಚಮ್ಮನನ್ನೂ ಕರೆದೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಧೌಲಾ ಕುವಾಂ ಬಸ್ ಸ್ಟಾಪಿಗೆ ಬಂದಳು. ಪರದೆಯ ಮೇಲೆ ಬರೀ ಮುಖ ನೋಡಿದವರು ನಾವು, ಇಬ್ಬರೂ ಅತ್ತಿತ್ತ ನೋಡುತ್ತಾ ಬಹಳ ಹೊತ್ತು ಹತ್ತಿರದಲ್ಲೇ ನಿಂತಿದ್ದೆವು. ನೀವು ಇಷ್ಟು ಎತ್ತರ ಎಂದು ಗೊತ್ತೇ ಇರಲಿಲ್ಲ ಎಂದು ನಕ್ಕಳು. ಅಕ್ಕಿ ರೊಟ್ಟಿ ಕಟ್ಟಿ ತಂದಿದ್ದಳು. ನನಗಾಗಿ ತಂದ ಪಲ್ಯವನ್ನು ಮಾಂಸ ಬೇಯಿಸದ ಬೇರೆ ಪಾತ್ರೆಯಲ್ಲೇ ಮಾಡಿದ್ದು ಎಂದು ಎರಡು ಸಲ ಹೇಳಿದಳು. ಹೆದ್ದಾರಿಯ ಬಸ್ಸು, ಆಮೇಲೆ ಶೇರ್ ಆಟೋ. ಹುಡುಗಿಗೆ ಫೋನ್ ಮಾಡಿ ನಾವು ಬರುತ್ತಿದ್ದೇವೆ ಎಂದು ಮಾಚಮ್ಮ ಹೇಳಿದಾಗ ಅವಳು ಬೇಡ ಎನ್ನಲಿಲ್ಲವಂತೆ, ಗಲ್ಲಿಯ ಗುರುತು ಹೇಳಿದಳಂತೆ.

ಸುಶೀಲಾ ಗಲ್ಲಿಯ ತುದಿಯಲ್ಲಿ ಕಾಯುತ್ತಿದ್ದಳು. ನಿನಗೂ ಅವಳ ಮುಖ ಗೊತ್ತಿಲ್ಲ ಅಲ್ಲವೇ? ದುಂಡು ಮುಖ, ದಟ್ಟ ಹುಬ್ಬು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ನನ್ನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು, ನಾನು ತಡೆದೆ. ಮೂರನೆಯ ಮಹಡಿಯಲ್ಲಿ ಒಂದೇ ರೂಮು, ಮೂವರು ಹುಡುಗಿಯರು. ಇನ್ನಿಬ್ಬರು ಒಡಿಶಾದವರು, ರಾತ್ರಿ ಪಾಳಿ. ಬಾಗಿಲು ತುಸು ತೆರೆದು ತೋರಿಸಿದಳು, ಇಬ್ಬರೂ ದುಪಟ್ಟಾ ಮುಖದ ಮೇಲೆಳೆದುಕೊಂಡು ನಿದ್ದೆಯಲ್ಲಿದ್ದರು. ಕ್ಲಾಸಿಗೆ ಎಲ್ಲಿ ಕೂರುತ್ತೀಯಮ್ಮ ಎಂದು ಕೇಳಿದೆ. ತಾರಸಿಗೆ ಹೋಗುವ ಮೆಟ್ಟಿಲು ತೋರಿಸಿದಳು. ಬಲ್ಬಿಲ್ಲ. ಒಂದು ಕಡೆ ಖಾಲಿ ನೀರಿನ ಕ್ಯಾನುಗಳು, ಇನ್ನೊಂದು ಕಡೆ ರೂಮಿನ ಬಾಗಿಲು, ಒಳಗೆ ಮಲಗಿದವರ ಉಸಿರು ಕೇಳಿಸುವಷ್ಟು ಹತ್ತಿರ.

“ಜೋರಾಗಿ ಮಾತಾಡಿದ್ರ ಅವ್ರು ಎದ್ದುಬಿಡ್ತಾರ್ರಿ ಸರ್,” ಎಂದಳು. “ರಾತ್ರಿಯೆಲ್ಲಾ ನಿಂತು ಬಂದಿರ್ತಾರ.”

ಶಾರದಾ, ನನ್ನ “ಲೌಡರ್ ಪ್ಲೀಸ್” ನನಗೇ ಕೇಳಿಸಿತು. ಇದು ಮೇಡಂಗೆ ಗೊತ್ತಿತ್ತೇ ಎಂದು ಅವಳನ್ನೇ ವಿಚಾರಿಸಿದೆ. ಮೇಡಂ ಎರಡನೆಯ ದಿನವೇ ಕೇಳಿದ್ದರು, ಅಂದಿನಿಂದ ಅವರೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು, ಸಣ್ಣ ದನಿಯೂ ಅವರಿಗೆ ಕೇಳಿಸುತ್ತಿತ್ತು, ಎಂದಳು. ನೀನು ಸಂಜೆಯ ಹೊತ್ತು ಕಿವಿಗೆ ಸಿಕ್ಕಿಸಿಕೊಂಡು ಕೂತರೆ, ನನ್ನ ಮಾತು ಕೇಳಿಸಬಾರದೆಂದು ಹಾಗೆ ಮಾಡುತ್ತೀಯ ಎಂದು ನಾನು ತಿಳಿದಿದ್ದೆ.

ಅಲ್ಲಿ ಮಾತಾಡುವಂತಿರಲಿಲ್ಲ, ಕೆಳಗೆ ರಸ್ತೆಗೆ ಇಳಿದೆವು. ಲಾರಿಗಳ ಗದ್ದಲ. ಒಂದು ಚಾ ಅಂಗಡಿಯ ಬೆಂಚಿನ ಮೇಲೆ ಕೂತು ಮಾಚಮ್ಮನ ರೊಟ್ಟಿ ತಿಂದೆವು. ಸಂದರ್ಶನದ ಮಾತನ್ನು ನಾನು ಎತ್ತಲಿಲ್ಲ, ಅವಳೇ ಎತ್ತಿದಳು.

“ನನ್ನ ಬಗ್ಗೆ ಇಲ್ಲೀತನಕ ಯಾರೂ ಕೇಳಿಲ್ರಿ ಸರ್. ಮೇಡಂ ಒಬ್ರ ಕೇಳಿದ್ದು. ಅಲ್ಲಿ ಒಮ್ಮಿಂದೊಮ್ಮೆ ಕೇಳಿದ್ರ ಏನು ಹೇಳಬೇಕು?”

“ಮೇಡಂಗೆ ಹೇಳಿದ್ದನ್ನೇ ಹೇಳು.”

“ಅದು ಮನಿ ಮಾತು ರೀ. ಮತ್ತ ತಪ್ಪು ಬರ್ತಾವ.”

“ಬರಲಿ,” ಎಂದೆ.

ಅಲ್ಪವಿರಾಮ ಜಾಗ ತಪ್ಪಿದರೆ ಡ್ರಾಫ್ಟನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ನಾನು. ಆದರೂ ಆ ಮಾತು ಬಾಯಿಂದ ತಾನಾಗಿ ಬಂತು. ಲಾರಿಗಳ ಸದ್ದಿಗೆ ಅವಳು ಕೂಗಿಯೇ ಮಾತಾಡಬೇಕಿತ್ತು. ಹಾಗೆ ಕೂಗುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: ಅಪ್ಪ ಹಿಟ್ಟಿನ ಗಿರಣಿ ನಡೆಸುವುದು, ಗಿರಣಿಯ ಬೆಲ್ಟ್ ಹರಿದಾಗ ತಾನೇ ಹಾಕುತ್ತಿದ್ದುದು, ಮೊದಲ ಸಲ ಅಷ್ಟು ದೂರದ ರೈಲು ಹತ್ತಿದ್ದು. ತನ್ನ ಲೈನಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ದಿನ ಕೈಗವಸು ಹಾಕಿಕೊಳ್ಳಲು ಬರದೆ ಅಳುತ್ತಿದ್ದಾಗ, ಊಟದ ವಿರಾಮವಿಡೀ ಜೊತೆಗೆ ಕೂತು ಕಲಿಸಿದ್ದು. ಭೂತಕಾಲವಿರಬೇಕಾದಲ್ಲೆಲ್ಲ ವರ್ತಮಾನಕಾಲ. ನಾನು ಚಾದ ಲೋಟ ಹಿಡಿದುಕೊಂಡು ಒಂದನ್ನೂ ತಿದ್ದದೆ ಕೂತಿದ್ದೆ. ಅವಳು ಮುಗಿಸಿದ ಮೇಲೆ ಮಾಚಮ್ಮ ಕಣ್ಣು ಒರೆಸಿಕೊಂಡಳು. ಇನ್ನೊಂದು ಸಲ ಹೇಳು ಎಂದೆ. ಎರಡನೆಯ ಸಲ ನಾನು ಹೇಳದೆಯೇ ಒಂದೆರಡು ತಪ್ಪು ಅವಳಾಗಿಯೇ ತಿದ್ದಿಕೊಂಡಳು. ಬುಧವಾರದ ಎರಡನೆಯ ಸುತ್ತಿಗೆ ಹೋಗುತ್ತೀಯಾ ಎಂದು ಕೇಳಿದ್ದು ಬಸ್ಸು ಹತ್ತುವಾಗ ಮಾತ್ರ. ನೋಡ್ತೀನ್ರಿ ಎಂದಳು.

ಹೋದಳು. ಕೆಲಸ ಸಿಗಲಿಲ್ಲ. ಅವಳಿಗಿಂತ ಮೊದಲೇ ಸೇರಿದ್ದ ಇನ್ನೊಬ್ಬ ಹೆಂಗಸಿಗೆ ಕೊಟ್ಟರು, ಅದು ಅನ್ಯಾಯವೇನಲ್ಲ. ಇದು ನನಗೆ ತಿಳಿದದ್ದು ನಿನ್ನೆಯ ಕ್ಲಾಸಿನಲ್ಲಿ. ಎಲ್ಲರಿಗಿಂತ ಮೊದಲು ಬಂದವಳು ಅವಳು, ಕ್ಯಾಮೆರಾ ತೆರೆದಿತ್ತು. ಹಿಂದೆ ಆಕಾಶ, ಒಣಗಲು ಹಾಕಿದ ಬಟ್ಟೆ. ಮನೆಯ ಮಾಲೀಕಳನ್ನು ಕೇಳಿಕೊಂಡು ತಾರಸಿಯ ಬೀಗದ ಕೈ ಪಡೆದಿದ್ದಾಳೆ. ಅಡುಗೆಯ ಪ್ರಶ್ನೆ ಬದಿಗಿಟ್ಟು, ತಾನೇ ಮೊದಲು ಮಾತಾಡುತ್ತೇನೆ ಎಂದಳು. ಒಳಗೆ ಹೋದದ್ದು, ಮೂವರು ಕೂತಿದ್ದದ್ದು, ಒಂದು ಪ್ರಶ್ನೆ ಅರ್ಥವಾಗದೆ “ಪ್ಲೀಸ್ ಸೇ ಅಗೇನ್ ಸ್ಲೋಲಿ” ಎಂದು ಕೇಳಿದ್ದು, ಅವರು ನಿಧಾನವಾಗಿ ಮತ್ತೆ ಕೇಳಿದ್ದು, ಕೊನೆಗೆ ಆಯ್ಕೆಯಾಗದ್ದು, ಹೊಸಬರಿಗೆ ಕೆಲಸ ತೋರಿಸಿಕೊಡುವ ಹೊಣೆಯನ್ನು ತನಗೆ ವಹಿಸಿದ್ದು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ನಡುವೆ ಪದ ಸಿಗದೆ ತಡವರಿಸಿದಾಗ ಮಹಂತೇಶ್ ಹೇಳಿಕೊಡಲು ಹೊರಟ, ಮಾಚಮ್ಮ ಕೈ ಎತ್ತಿ ತಡೆದಳು. ಎಲ್ಲರೂ ಕಾದೆವು. ಪದ ಸಿಕ್ಕಿತು. ಮುಗಿದ ಮೇಲೆ ಅವಳು ನನ್ನ ಕಡೆ ನೋಡಿ, ತಪ್ಪು ಎಷ್ಟು ಬಂದವು ಎಂದು ಕೇಳಿದಳು. ನಾನು ಲೆಕ್ಕ ಇಟ್ಟಿರಲಿಲ್ಲ, ಹಾಗೆಂದೇ ಹೇಳಿದೆ.

ಇಷ್ಟೇ ಸಮಾಚಾರ. ಎಲ್ಲರೂ ನಿನ್ನನ್ನು ಕೇಳುತ್ತಿರುತ್ತಾರೆ. ಮೇಡಂ ಯಾವಾಗ ಬರುತ್ತಾರೆ ಎಂಬುದು ಪ್ರತಿ ಕ್ಲಾಸಿನ ಕೊನೆಯ ಪ್ರಶ್ನೆ. ಅಕ್ಕ ಪೂರ್ತಿ ನಡೆಯುವಂತಾಗಲಿ, ಆಮೇಲೆ ಹೊರಡು, ಇಲ್ಲಿ ಯಾವುದಕ್ಕೂ ಅವಸರವಿಲ್ಲ. ಉಷಕ್ಕನವರಿಗೆ ನಮಸ್ಕಾರ, ಅಲ್ಲಿಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಲಾವಣ್ಯಾ ನಿನಗೊಂದು ಮುತ್ತು ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ನಿನ್ನ ಆರೋಗ್ಯ ಜೋಪಾನ.

ನಿನ್ನವನೇ ಆದ,
ನಾರಾಯಣಸ್ವಾಮಿ

ಮರೆತೆ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನೀನು ಬಂದ ಮೇಲೆ ಕ್ಲಾಸು ನಿನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ವಾರದಲ್ಲಿ ಒಂದು ದಿನ, ಶನಿವಾರದ್ದಾದರೂ ಸರಿ, ನನಗೆ ಬಿಟ್ಟುಕೊಡುತ್ತೀಯಾ? ರಿಟೈರ್ ಆದ ಮೇಲೆ ನಾನು ಬರುವುದನ್ನು ಯಾರಾದರೂ ಕಾಯುವುದು ಇದೇ ಮೊದಲು. ಫೋನಿನಲ್ಲಿ ಉತ್ತರ ಹೇಳಬೇಡ, ಸ್ಪೀಕರ್ ಇರುತ್ತದೆ. ಎರಡು ಸಾಲು ಬರೆದು ಹಾಕು.