ಬೀಗರ ಅಂಗಡಿಯ ಬಂದೂಕು

ತಮ್ಮಾ ತಿಲೆಕ್,

ಕಳೆದ ಶುಕ್ರವಾರ ಮಧ್ಯಾಹ್ನ, ಜನ ನಮಾಜು ಮುಗಿಸಿ ಮನೆಯ ದಾರಿ ಹಿಡಿಯುವ ಹೊತ್ತಿಗೆ, ಊರೆಲ್ಲ ಸೇರಿ ಆರಿಸಿದ್ದನ್ನು ನೀನೊಬ್ಬನೇ ಕೂತು ಅಳಿಸಿಹಾಕಿದೆ. ಬಣ್ಣದ ಗುಂಡು ಹಾರಿಸಿ ಆಡುವ ನಮ್ಮ ಪೇಂಟ್‌ಬಾಲ್ ಮೈದಾನಕ್ಕೆ, ಆಟಗಾರರಿಗೆ ಬಾಡಿಗೆಗೆ ಕೊಡುವ ಬಂದೂಕುಗಳನ್ನು ತರಿಸಲು ಮೈದಾನ ಸಮಿತಿಯ ಅಧ್ಯಕ್ಷನಾಗಿ ಒಪ್ಪಿಗೆ ಕೊಟ್ಟೆ. ಒಪ್ಪಿದ್ದು ಗೆದ್ದದ್ದನ್ನಲ್ಲ, ಸೋತದ್ದನ್ನು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಗುಲ್ಸುನ್‌ಳ ರೊಟ್ಟಿ ಅಂಗಡಿಯ ಮುಂದೆ, ಸಾಲಿನಲ್ಲಿ ನಿಂತಾಗ. ತಮ್ಮನ ಸುದ್ದಿ ಅಕ್ಕನಿಗೆ ರೊಟ್ಟಿ ಅಂಗಡಿಯಲ್ಲಿ ಸಿಕ್ಕಿತೆಂದರೆ ಅದು ಒಳ್ಳೆಯ ಸುದ್ದಿಯಾಗಿರುವುದಿಲ್ಲ.

ಬರೀ ಬೈಯುವುದಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಬೈಗುಳ ಇದ್ದೇ ಇದೆ, ಅದು ಅಕ್ಕನ ಹಕ್ಕು. ಆದರೆ ನಾವು ಬಂದೂಕುಗಳನ್ನು ಪರೀಕ್ಷೆಗೆ ಹಚ್ಚಿದ ಆ ಭಾನುವಾರವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಊರಿನ ಗ್ರಂಥಾಲಯದಲ್ಲಿ ಕೂದಲು ಹಣ್ಣಾಗುವವರೆಗೆ ಕೂತವಳು ನಾನು. ಜನ ಒಟ್ಟಾಗಿ ತೀರ್ಮಾನ ಮಾಡಿದ ಕಥೆಗಳನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದ್ದೇನೆ. ಕಣ್ಣಾರೆ ಕಂಡದ್ದು ಅದೊಂದೇ ದಿನ.

ನಮ್ಮೂರಿಗೆ ಏನು ಬಂದರೂ ಅದನ್ನು ಯಾರೋ ಎಲ್ಲೋ ಕೂತು ಆರಿಸಿರುತ್ತಾರೆ. ಸಾಮೂಹಿಕ ಬೇಸಾಯದ ಕಾಲದಲ್ಲಿ ಬಂದ ಆ ಕೆಂಪು ಕಟಾವು ಯಂತ್ರ ನಿನಗೆ ನೆನಪಿರಬೇಕು, ನೀನಾಗ ಶಾಲೆಗೆ ಹೋಗುತ್ತಿದ್ದೆ. ಮೆರವಣಿಗೆಯ ದಿನ ಥಳಥಳ ಹೊಳೆಯಿತು, ಬಾರ್ಲಿ ಕೊಯ್ಯುವ ದಿನ ಕೆಟ್ಟು ನಿಂತಿತು. ಆಮೇಲೆ ಸಾರ್ವಜನಿಕ ಸ್ನಾನದ ಮನೆಗೆ ಬಾಯ್ಲರ್ ಬಂತು. ಬೇಸಿಗೆಯಲ್ಲಿ ಬೆವರಿಳಿಸುತ್ತಿತ್ತು, ಚಳಿಗಾಲದಲ್ಲಿ ನಮಗಿಂತ ಮೊದಲು ಅದೇ ನಡುಗುತ್ತಿತ್ತು. ಯಾಕೆ ಇದನ್ನೇ ತಂದಿರಿ ಎಂದು ಯಾರೂ ಕೇಳಲಿಲ್ಲ, ಕೇಳದ ಮೇಲೆ ಉತ್ತರ ಕೊಡುವವರಾರು? ಆ ಕಟಾವು ಯಂತ್ರ ಹಳೆಯ ಟ್ರ್ಯಾಕ್ಟರ್ ಅಂಗಳದಲ್ಲಿ ತುಕ್ಕು ಹಿಡಿದು ನಿಂತಿದೆ. ಈಗ ಆ ಅಂಗಳವೇ ನಮ್ಮ ಮೈದಾನ, ಆಟಗಾರರು ಗುಂಡಿನಿಂದ ತಪ್ಪಿಸಿಕೊಳ್ಳಲು ಅದರ ಹಿಂದೆ ಕೂರುತ್ತಾರೆ. ಅದು ಈ ಊರಿಗೆ ಮಾಡಿಕೊಟ್ಟ ಮೊದಲ ಉಪಕಾರ ಇದೇ.

ಆ ಅಂಗಳವನ್ನು ಊರ ಆಡಳಿತ ನಮಗೆ ಬಿಟ್ಟುಕೊಟ್ಟಿರುವುದು ಒಂದೇ ಹಂಗಾಮಿಗೆ. ಕೊಯ್ಲಿನ ಹೊತ್ತಿಗೆ ಮೈದಾನ ತನ್ನ ಕಾಲ ಮೇಲೆ ನಿಂತಿದ್ದರೆ ಅದು ನಮ್ಮದು. ಇಲ್ಲದಿದ್ದರೆ ಅಲ್ಲಿ ಇನ್ನೊಂದು ಮದುವೆ ಮಂಟಪ ಏಳುತ್ತದೆ. ಈ ಊರಲ್ಲಿ ಮದುವೆಗಳಿಗಿಂತ ಮಂಟಪಗಳೇ ಹೆಚ್ಚಾಗಿವೆ, ತಿಲೆಕ್. ಕಳೆದ ಶರತ್ಕಾಲದಲ್ಲಿ ಎರವಲು ಬಂದೂಕು ತಂದು ಆಡಿಸಿದಾಗ ಮೇಲಿನ ಕೇರಿಯ ಹುಡುಗಿಯರು ಕೆಳಗಿನ ಕೇರಿಯ ಗಂಡಸರನ್ನು ಅಟ್ಟಾಡಿಸಿ ಬಣ್ಣ ಬಳಿದರಲ್ಲ, ನೀನೇ ನಕ್ಕು ನಕ್ಕು ಬೇಲಿ ಹಿಡಿದುಕೊಂಡೆಯಲ್ಲ, ಆ ನಗು ಈ ಊರಿನ ಬೇರೆ ಯಾವ ಜಾಗದಲ್ಲಿದೆ?

ಆಗಲೇ ನಾವು ಕಲಿತೆವು, ಬಾಡಿಗೆ ಬಂದೂಕು ಏನೇನು ಅನುಭವಿಸಬೇಕೆಂದು. ಗುಂಡು ತಾಗಿದವರ ಮೈಮೇಲೆ ಬಣ್ಣದ ಗುರುತು ಬೀಳುವುದರಿಂದ ಅದನ್ನು ಮಾರ್ಕರ್ ಅನ್ನಬೇಕು ಎಂದು ಬಲ್ಲವರು ನನ್ನನ್ನು ತಿದ್ದಿದರು. ಆದರೆ ಬಾಡಿಗೆಗೆ ಪಡೆದವರಿಗೆ ಅದು ಮಾರ್ಕರೂ ಅಲ್ಲ, ಬಂದೂಕೂ ಅಲ್ಲ. ಕೆಸರಲ್ಲಿ ಜಾರಿದರೆ ಊರುಗೋಲು, ಬೂಟಿಗೆ ಮಣ್ಣು ಮೆತ್ತಿದರೆ ಸಲಿಕೆ, ಫೋಟೋ ತೆಗೆಯುವಾಗ ಒರಗುವ ಕಂಬ. ಗಾಳಿಯ ಕೊಳವೆ ಹಿಡಿದು ಎತ್ತುತ್ತಾರೆ, ಕುರಿಮರಿಯನ್ನು ಕಾಲು ಹಿಡಿದು ಎತ್ತುವ ಹಾಗೆ. ತಪ್ಪು ಅವರದಲ್ಲ, ನಕ್ಕು ಹೋಗಲು ಬಂದವರು ಅವರು. ತಡೆದುಕೊಳ್ಳುವ ಹೊಣೆ ಬಂದೂಕಿನದು, ಅಂಥದ್ದನ್ನು ಆರಿಸುವ ಹೊಣೆ ನಮ್ಮದು.

ಅದಕ್ಕೇ ಆ ಭಾನುವಾರ. ಮೂರು ಬಗೆಯ ಬಂದೂಕು ಪರೀಕ್ಷೆಗೆಂದು ಬಂದಿದ್ದವು, ಎರಡು ರಾಜಧಾನಿ ಬಿಷ್ಕೆಕ್‌ನ ಬೇರೆ ಅಂಗಡಿಗಳಿಂದ, ಒಂದು ಅದೇ ಪೇಟೆಯಲ್ಲಿ ನಿನ್ನ ಬೀಗರು ಅಸಾಂಕುಲ್ ನಡೆಸುವ ಅಂಗಡಿಯಿಂದ. ಜನ ಅವಕ್ಕೆ ನಿಂತ ನಿಲುವಿನಲ್ಲೇ ಹೆಸರಿಟ್ಟರು. ಉದ್ದ ಕೊಳವೆ ಬಿಟ್ಟುಕೊಂಡು, ಚಹಾದ ನೀರು ಕಾಯಿಸುವ ಹಂಡೆಯಂತೆ ಸದಾ ಸುಸ್ಸೆನ್ನುತ್ತಿದ್ದುದು ಸಮೋವಾರ್. ಕಿತ್ತಳೆ ಬಣ್ಣದ ಮೈ, ಸಣ್ಣ ದೀಪ, ಒಳಗೆ ಬ್ಯಾಟರಿ ಇದ್ದದ್ದು, ಬೀಗರ ಅಂಗಡಿಯದು, ನರಿ. ಕರೀ ಲೋಹದ, ಭಾರದ, ನೋಡಿದರೆ ಪ್ರೀತಿ ಬರದಂಥದ್ದು ಕತ್ತೆ.

ಆ ಬೆಳಿಗ್ಗೆ ನಾನು ಎಷ್ಟು ವರ್ಷ ಚಿಕ್ಕವಳಾದೆನೋ ಕಾಣೆ. ಮೂರನ್ನೂ ಕಟಾವು ಯಂತ್ರದ ನೆತ್ತಿಯಿಂದ ಕೆಳಗೆ ಹಾಕಿದೆವು. ಹಗ್ಗ ಕಟ್ಟಿ ಕುದುರೆಯ ಹಿಂದೆ ಹಿಮದ ಕೆಸರಲ್ಲಿ ಎಳೆಸಿದೆವು. ಕಾಲುವೆಯ ಮಂಜುಗಡ್ಡೆ ಒಡೆದು ಅದ್ದಿ ತೆಗೆದೆವು. ಸಮೋವಾರ್‌ನ ಕೊಳವೆ ಮೊದಲ ಎಳೆತಕ್ಕೇ ಕಿತ್ತು ಬಂತು, ಅದರ ಆಯಸ್ಸು ಅಷ್ಟೇ. ನರಿಯ ಮೇಲೆ ಗುಂಡಿನ ಡಬ್ಬಿ ಕೂರುವ ಪ್ಲಾಸ್ಟಿಕ್ ಕುತ್ತಿಗೆ ಬಿರುಕು ಬಿಟ್ಟಿತು. ಆದರೂ ನಾವು ಪಕ್ಷಪಾತ ಮಾಡಲಿಲ್ಲ. ರಿಸ್ಬೆಕ್ ತನ್ನ ಬೆಸುಗೆ ಅಂಗಡಿಯಿಂದ ಟೇಪು ತಂದು ಸುತ್ತಿ, ಹೊಸ ಬ್ಯಾಟರಿ ಹಾಕಿ, ನರಿಗೂ ಕತ್ತೆಗೂ ಸಮನಾದ ಅವಕಾಶ ಕೊಟ್ಟು, ಎರಡನ್ನೂ ರಾತ್ರಿಯಿಡೀ ಹೊರಗೇ ಬಿಟ್ಟ. ನಮ್ಮೂರಿನ ಚಳಿ ಯಾರ ನೆಂಟನೂ ಅಲ್ಲ.

ಮರುದಿನ ಬೆಳಿಗ್ಗೆ ಕೆಲಸ ಬಿಟ್ಟು ಜನ ಮತ್ತೆ ಬಂದರು. ಚಳಿಗೆ ಬಣ್ಣದ ಗುಂಡುಗಳು ಪೆಡಸಾಗಿ ನಳಿಗೆಯೊಳಗೇ ಒಡೆಯುತ್ತವೆಂದು ಗುಲ್ಸುನ್ ಅವುಗಳನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು ಕೂತಿದ್ದಳು. "ಸುಮ್ನಿರ್ರೋ, ಗುಲ್ಸುನ್ ಕಾವಿಗೆ ಕೂತವ್ಳೆ. ನಾಳೆ ಮರಿ ಹೊರಗ್ ಬರ್ತವೆ" ಅಂದ ರಿಸ್ಬೆಕ್. "ಬಂದ್ರೆ ನಿನ್ ಬುದ್ಧಿಗಿಂತ ದೊಡ್ಡವಿರ್ತವೆ" ಅಂದಳು ಅವಳು, ತಲೆ ಎತ್ತದೆಯೇ. ನರಿಯ ದೀಪ ಒಮ್ಮೆ ಮಿಣುಕಿ ಆರಿತು. ಬೆಚ್ಚಗೆ ಮಾಡಿ ಮತ್ತೆ ಎಬ್ಬಿಸಿದರೆ ಗುಂಡನ್ನು ಒಳಗೇ ಅಗಿದು ಹಳದಿ ಗಂಜಿ ಕಕ್ಕಿತು. ಕತ್ತೆಗೆ ಒಂದು ಸೀನು ಬಂತು, ಮಂಜಿನ ಚೂರು ಉಗುಳಿತು, ಆಮೇಲೆ ಟ್ರಿಗರ್ ಎಳೆದಷ್ಟು ಸಲವೂ ಗುರಿಗೆಂದು ಕಟ್ಟಿದ್ದ ಬಿಳಿ ದುಪ್ಪಟಿಯ ಮೇಲೆ ಗುರುತು ಮೂಡಿಸಿತು. ಗುಲ್ಸುನ್ ಅದನ್ನು ಬಿಚ್ಚಿದಳು, ಒರೆಸಿದಳು, ಮತ್ತೆ ಕೂಡಿಸಿದಳು. ಜೀವಮಾನದಲ್ಲಿ ಹಿಟ್ಟಿನ ಜರಡಿ ಬಿಟ್ಟು ಬೇರೆ ಯಂತ್ರ ಮುಟ್ಟದವಳು. ಕತ್ತೆಯಲ್ಲಿ ಗುಂಡಿನ ವೇಗ ಹೆಚ್ಚಿಸುವ ತಿರುಪು ಕೀಲಿ ಇಲ್ಲದೆ ತಿರುಗುವುದಿಲ್ಲ, ಹಾಗಾಗಿ ಯಾವ ತುಂಟನೂ ಅದನ್ನು ಏರಿಸಿ ಇನ್ನೊಬ್ಬರಿಗೆ ನೋವು ಮಾಡಲಾರ. ಒಂದು ಕತ್ತೆಯ ಬಿಡಿಭಾಗ ಇನ್ನೊಂದು ಕತ್ತೆಗೆ ಹೊಂದುತ್ತದೆ. ಒಂದು ಸಲ ಎಳೆದರೆ ಒಂದೇ ಗುಂಡು. ಜನ ಕೈಯೆತ್ತಿದರು, ಎಲ್ಲರ ಕೈಯೂ ಕತ್ತೆಗೇ. ನಿನ್ನ ಕೈಯೂ ಎದ್ದಿತ್ತು, ನಾನು ನೋಡಿದೆ.

ನಮ್ಮಜ್ಜಿ ಹೇಳುತ್ತಿದ್ದುದು ನಿನಗೆ ಗೊತ್ತು. ಹಿಂದೆ ಉಳ್ಳವರು ಇಲ್ಲದ ನೆಂಟರಿಗೆ ಹಾಲು ಕರೆದುಕೊಳ್ಳಲೆಂದು ಹಸುವನ್ನು ಬಿಟ್ಟುಕೊಡುತ್ತಿದ್ದರು. ಬತ್ತಿದ ಹಸುವನ್ನು ಕೊಟ್ಟವನ ಮಾನ ಹೋಗುತ್ತಿತ್ತು. "ಎರವಲು ಕೊಡೋ ದನ ನಿನ್ನ ಕೊಟ್ಟಿಗೇಲೇ ಗಟ್ಟಿ ದನ ಆಗಿರ್ಬೇಕು" ಅನ್ನುತ್ತಿದ್ದಳು. ಸ್ವಂತದ್ದು ಸೊಗಸಾಗಿದ್ದರೂ ನಡೆಯುತ್ತದೆ, ಒಡೆಯ ಅದನ್ನು ಮುದ್ದು ಮಾಡುತ್ತಾನೆ. ಬಾಡಿಗೆಯದಕ್ಕೆ ಮುದ್ದು ಮಾಡುವವರಿಲ್ಲ. ನರಿ ಕೆಟ್ಟ ಮಾಲು ಅಂತ ನಾನು ಹೇಳುತ್ತಿಲ್ಲ, ಪೇಟೆಯ ಪ್ರಾಯದವನೊಬ್ಬ ಅದನ್ನು ಕೊಂಡು ದಿನಾ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿದರೆ ಚೆನ್ನಾಗಿಯೇ ಬಾಳುತ್ತದೆ. ಅಸಾಂಕುಲ್ ಮೋಸಗಾರರೂ ಅಲ್ಲ. ತನ್ನ ಅಂಗಡಿಯಲ್ಲಿ ಮಾರಿಹೋಗುವುದನ್ನೇ ಒಳ್ಳೆಯದೆಂದು ನಂಬಿದ ವ್ಯಾಪಾರಿ.

ಹಾಗಾದರೆ ಶುಕ್ರವಾರ ಏನಾಯಿತು? ನೀನು ಹೇಳದಿದ್ದರೂ ನಿನ್ನ ಹೆಂಡತಿ ಹೇಳಿದಳು. ಬೀಗರು ಬಂದರು, ನೀನು ಕುರಿ ಕಡಿಸಿದೆ, ಹಿರಿಯ ಅತಿಥಿಗೆ ಸಲ್ಲುವ ತಲೆಯನ್ನು ತಟ್ಟೆಯಲ್ಲಿಟ್ಟು ಅವರ ಮುಂದಿಟ್ಟೆ. ಊಟದ ನಡುವೆ ಅವರು ಹೊಸ ನರಿಯೊಂದನ್ನು ಹೊರತೆಗೆದು ಮಾಂಸದ ಪಕ್ಕ ಇಟ್ಟು, ನಮ್ಮ ಅಂಗಡಿ ನಿಮ್ಮದೂ ಹೌದು ಬೀಗರೇ, ಹೊರಗಿನವರ ಹತ್ತಿರ ಯಾಕೆ ಹೋಗುತ್ತೀರಿ ಅಂದರು. ನೀನು ಮೀಸೆ ಒರೆಸಿಕೊಂಡು ಒಪ್ಪಿದೆ. ಮರುದಿನ ನಾನು ಜಗಳಕ್ಕೆ ಬಂದಾಗ ನೀನು ಜಗಲಿಯ ಮೇಲೆ ತಲೆ ತಗ್ಗಿಸಿ ಹೇಳಿದೆ: "ಅಕ್ಕಾ, ಮೇರಿಮ್ ನಮ್ಮನೆಗೆ ಸೊಸೆಯಾಗಿ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ. ಅವಳಪ್ಪ ನನ್ ಮನೇಲಿ ಕೂತು ಬಾಯ್ಬಿಟ್ಟು ಕೇಳಿದ್ರೆ ಆಗಲ್ಲ ಅನ್ನೋದ್ ಹೇಗೆ? ಆ ಮಗು ಎಷ್ಟು ನೊಂದ್ಕೋಬಹುದು."

ನನ್ನ ಸಿಟ್ಟು ಅರ್ಧ ಇಳಿಯಿತು, ಸುಳ್ಳು ಹೇಳಲಾರೆ. ಲಂಚ ತಿಂದವನನ್ನು ಬೈಯುವುದು ಸುಲಭ, ಸೊಸೆಯ ಮೇಲಿನ ಕರುಳಿಗೆ ಏನು ಹೇಳಲಿ? ಗುಲ್ಸುನ್‌ಗೆ ಮಾತ್ರ ಅಂಥ ಕಷ್ಟವಿಲ್ಲ. "ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇರಲ್ಲ ಅಂತ ನಿನ್ ತಮ್ಮಂಗೆ ಹೇಳು" ಅಂದಳು, ರೊಟ್ಟಿಯನ್ನು ಒಲೆಯ ಗೋಡೆಗೆ ಬಡಿಯುತ್ತಾ.

ಆದರೆ ತಿಲೆಕ್, ನೀನು ಯಾರಿಗಾಗಿ ಇದನ್ನೆಲ್ಲ ಮಾಡಿದೆಯೋ ಅವಳನ್ನು ಒಂದು ಮಾತು ಕೇಳಿದೆಯಾ? ನಾನು ಕೇಳಿದೆ. ನಿನ್ನೆ ನನ್ನ ಮನೆಗೆ ಬಂದು ಹಿಟ್ಟು ನಾದಿಕೊಡುತ್ತಿದ್ದಳು ಮೇರಿಮ್. ಹೊಸ ಸೊಸೆ, ಹಿರಿಯರ ಮುಂದೆ ದನಿ ಎತ್ತದವಳು. ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಅಂದಳು: "ಅತ್ತೆ, ನಮ್ಮಪ್ಪನಿಗೆ ಬೇಡ ಅಂದಿದ್ರೆ ಅಪ್ಪ ಒಂದಿನ ಮುಖ ಊದಿಸ್ಕೊಂಡು ಸುಮ್ನಾಗ್ತಿದ್ರು. ಈಗ ಮೈದಾನದಲ್ಲಿ ಅವು ಒಂದೊಂದೇ ಕೆಟ್ಟು ನಿಂತಾಗ, ಮೈದಾನಕ್ಕೇ ಬೀಗ ಹಾಕೋ ದಿನ ಬಂದಾಗ, ಊರೋರು ಅಪ್ಪನ್ನ ನೋಡಲ್ಲ, ಅವ್ರು ಬಿಷ್ಕೆಕ್‌ನಲ್ಲಿರ್ತಾರೆ. ಮಾವನ್ನೂ ನೋಡಲ್ಲ, ಅವ್ರು ಹಿರೀರು. ನನ್ ಮುಖ ನೋಡ್ತಾರೆ. ನಾನಿಲ್ಲೇ ಅಲ್ವಾ ಇರ್ಬೇಕಾದ್ದು?"

ಆಮೇಲೆ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಇದನ್ನು ಎಲ್ಲರೂ ಓದುವ ಹಾಗೆ ಬರೆಯಲೇ ಎಂದೆ. "ನನ್ ಹೆಸರು ಹಾಕೇ ಬರೀರಿ" ಅಂದಳು. ನಮ್ಮ ಮನೆಗೆ ಎಂಥ ಹೆಣ್ಣು ಬಂದಿದೆಯೋ, ತಮ್ಮಾ! ಅವಳನ್ನು ಕಾಪಾಡುತ್ತೇನೆಂದು ಹೊರಟು ನೀನು ಅವಳ ತಲೆಯ ಮೇಲೇ ಭಾರ ಹೊರಿಸಿದ್ದೀಯ.

ಕಾಲ ಇನ್ನೂ ಮೀರಿಲ್ಲ, ನನ್ನ ಉತ್ಸಾಹಕ್ಕೆ ಅದೇ ಕಾರಣ. ಬಿಷ್ಕೆಕ್ ದಾರಿಯ ದೋಲೊನ್ ಕಣಿವೆಯಲ್ಲಿ ಹಿಮ ಬಿದ್ದು ರಸ್ತೆ ಕಟ್ಟಿದೆ. ನರಿಗಳನ್ನು ಹೊತ್ತ ಲಾರಿ ಬಿಷ್ಕೆಕ್ ಬಿಟ್ಟಿಲ್ಲ. ಅಸಾಂಕುಲ್ ಇನ್ನೂ ನಿನ್ನ ಮನೆಯಲ್ಲೇ, ರಸ್ತೆ ತೆರೆಯುವುದನ್ನು ಕಾಯುತ್ತಾ ಚಹಾ ಕುಡಿಯುತ್ತಿದ್ದಾರೆ. ಕಾಯುವವರಿಗೆ ಬೇಸರವಾಗಬಾರದಲ್ಲ? ಅವರನ್ನು ಈ ಭಾನುವಾರ ಮೈದಾನಕ್ಕೆ ಕರೆದುಕೊಂಡು ಬಾ. ಬೀಗರಿಗೆ ತಕ್ಕ ಮರ್ಯಾದೆಯಿಂದ ಕರೆಯುತ್ತಿದ್ದೇನೆ, ಬಿಸಿ ಬಿಸಿ ಪಲಾವು ನನ್ನ ಖರ್ಚಿನದು. ಶನಿವಾರ ಸಂಜೆಯೇ ಅವರು ತಂದ ಹೊಸ ನರಿಯನ್ನೂ ನಮ್ಮ ಕತ್ತೆಯನ್ನೂ ಹೊರಗೆ ಇಡೋಣ, ಅವರೇ ತಮ್ಮ ಕೈಯಾರೆ ಇಡಲಿ. ಬೆಳಿಗ್ಗೆ ಮುಖಕವಚ ಹಾಕಿಕೊಂಡು ಅವರು ನರಿ ಹಿಡಿದು ಒಂದು ಕಡೆ ನಿಲ್ಲಲಿ. ಎದುರಿಗೆ ಕತ್ತೆ ಹಿಡಿದು ನಾನು ನಿಲ್ಲುತ್ತೇನೆ. ನಗಬೇಡ. ನನ್ನ ಮೊಣಕಾಲು ಹೋಗಿದೆ, ಕಣ್ಣು ಹೋಗಿಲ್ಲ. ಬೀಗರ ಮಾಲು ಗೆದ್ದರೆ ಮೈತುಂಬ ಹಳದಿ ಬಣ್ಣ ಹೊತ್ತು ಊರೆಲ್ಲ ನಡೆದು ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಈ ಪತ್ರದ ಇನ್ನೊಂದು ಪ್ರತಿ ರೊಟ್ಟಿ ಅಂಗಡಿಯ ಗೋಡೆಯ ಮೇಲಿದೆ. ಸಾಲಿನಲ್ಲಿ ನಿಂತವರು ಓದುತ್ತಿದ್ದಾರೆ, ಓದಲು ಬಾರದವರಿಗೆ ಗುಲ್ಸುನ್ ತನ್ನದೂ ನಾಲ್ಕು ಮಾತು ಸೇರಿಸಿ ಹೇಳುತ್ತಿದ್ದಾಳೆ. ಆದ್ದರಿಂದ ಉತ್ತರವನ್ನು ನನ್ನ ಮನೆಗೆ ಬಂದು ಪಿಸುಗುಟ್ಟಬೇಡ, ಜಗಲಿಯ ಮೇಲೆ ತಲೆ ತಗ್ಗಿಸಬೇಡ.

ನಿನ್ನ ಮನೆಗೆ ಬರುವ ಅತಿಥಿಗಳು ಹೆಚ್ಚಲಿ, ಸೊಸೆಯ ಮಡಿಲು ತುಂಬಲಿ, ನಿನ್ನ ಬೆನ್ನು ಯಾರ ಮುಂದೆಯೂ ಬಾಗದಿರಲಿ. ಇದು ಹರಕೆ. ಇನ್ನು ಕೇಳಿಕೆ: ಭಾನುವಾರ, ಎಲ್ಲರೆದುರು, ಬೀಗರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಹೇಳು. ಈ ಮೈದಾನಕ್ಕೆ ಯಾವುದನ್ನು ತರುತ್ತೀಯ, ಮತ್ತು ಯಾರನ್ನು ಕೇಳಿ?

ನಿನ್ನ ಅಕ್ಕ,
ಬುರುಲ್ಚಾ